ಬಿಟ್ಟವರೇ ಒಯ್ಯತಕ್ಕದ್ದು

ಕೆಲವರಿಗೆ ಎಲೆ-ಅಡಿಕೆಯ ಚಟ, ಕೆಲವರಿಗೆ ನಶ್ಯದ ಚಟ. ನನಗೆ ನಿಯಮ ಬರೆಯುವ ಚಟ. ತಹಸೀಲು ಕಚೇರಿಯಲ್ಲಿ ಮುನ್ಶಿಯಾಗಿ ಸೇರಿದ ಹೊಸದರಲ್ಲೇ ನಮ್ಮ ಮನೆಯ ನೀರಿನ ಹರವಿಯ ಮೇಲೆ ಗೋಡೆಗೆ ಒಂದು ಹುಕುಂ ಅಂಟಿಸಿದ್ದೆ: ಎಂಜಲು ತಂಬಿಗೆ ಅದ್ದಬಾರದು, ಮುಚ್ಚಳ ತೆಗೆದವರೇ ಮುಚ್ಚಬೇಕು. ನಮ್ಮ ಅವ್ವನಿಗೆ ಓದಲು ಬರುತ್ತಿರಲಿಲ್ಲ. ಓದಲು ಬಾರದವರಿಗೆ ಕಾಯ್ದೆ ತಾಗುವುದಿಲ್ಲವೆಂಬುದು ಅವಳ ಕಾಯ್ದೆ. ಓದಲು ಬರುತ್ತಿದ್ದ ನನ್ನ ಹೆಂಡತಿ ಓದಿದಳು, ನಕ್ಕಳು, ಆಮೇಲೆ ಆ ಕಾಗದವನ್ನೇ ಕಿತ್ತು ಹರವಿಯ ಬಾಯಿಗೆ ಮುಚ್ಚಿದಳು. ಹೀಗೆ ನನ್ನ ಮೊದಲ ಕಾಯ್ದೆ ಅರ್ಧದಷ್ಟಾದರೂ ಜಾರಿಗೆ ಬಂತು. ಎಷ್ಟೋ ಸರಕಾರಗಳ ಕಾಯ್ದೆಗಳಿಗೆ ಅಷ್ಟು ಭಾಗ್ಯವೂ ಇರುವುದಿಲ್ಲ.

ಮುಂದೆ, ನಾವು ಹೈದರಾಬಾದಿನವರಾಗಿ ಮಲಗಿ ಮೈಸೂರಿನವರಾಗಿ ಎದ್ದ ಕಾಲ ಬಂತು. ಮೇಲ್ನೋಟಕ್ಕೆ ಬೀದರಿನಲ್ಲಿ ಬದಲಾದದ್ದು ಕಡಿಮೆ. ಊರ ನಡುವಿನ ಚೌಬಾರಾ ಗೋಪುರ ಇದ್ದಲ್ಲೇ ನಿಂತಿತ್ತು, ಅದರ ಸುತ್ತ ಟಾಂಗಾದವರು ಎಂದಿನಂತೆ ಜಗಳಾಡುತ್ತಿದ್ದರು. ಆದರೆ ಉರ್ದುವಿನಲ್ಲಿ ಪಳಗಿದ ನನ್ನಂಥ ಮುನ್ಶಿಗಳು ಕನ್ನಡದಲ್ಲಿ ಗದರಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. ಉರ್ದುವಿನ ತಾಕೀದಿಗೆ ಮೀಸೆ ಹುಟ್ಟಿನಿಂದಲೇ ಇರುತ್ತದೆ. ಕನ್ನಡದ ತಾಕೀದಿಗೆ ಅದನ್ನು ನಾವೇ ಅಂಟಿಸಬೇಕು ಎಂದು ನಾನು ಚಿಂತೆಯಲ್ಲಿದ್ದಾಗ, ಬೆಂಗಳೂರಿನಿಂದ ಬಂದ ಒಂದು ಸುತ್ತೋಲೆಯಲ್ಲಿ ‘ತಕ್ಕದ್ದು’, ‘ತಕ್ಕದ್ದಲ್ಲ’ ಎಂಬ ಎರಡು ರತ್ನಗಳು ಸಿಕ್ಕವು. ಅಂದು ಊಟಕ್ಕೆ ಕೂತಾಗ, “ಇನ್ನೊಂದು ರೊಟ್ಟಿ ಹಾಕತಕ್ಕದ್ದು” ಎಂದೆ. ರೊಟ್ಟಿ ಬರಲಿಲ್ಲ. ಆದರೂ ಮಾತಿನ ತೂಕ ನನಗೆ ಹಿಡಿಸಿತು.

ಆ ರತ್ನಗಳನ್ನು ಕೂರಿಸಲು ಒಂದು ಒಡವೆ ಬೇಕಿತ್ತು. ಅದನ್ನು ಒದಗಿಸಿದ್ದು ನಮ್ಮ ಓಣಿಯ ಪ್ರಾಥಮಿಕ ಸಾಲಿ.

ಸಾಲಿಗೆ ಹೊಸ ಹೆಡ್‌ಮಾಸ್ತರರು ಬಂದಿದ್ದರು. ಹಾಸನದ ಕಡೆಯವರು, ಬಿಳಿ ಪಂಚೆ, ಕರಿ ಕೋಟು, ಬಾಯಿ ತೆರೆದರೆ ‘ದಯಮಾಡಿ’. ನಮ್ಮ ಸೀಮೆಯಲ್ಲಿ ‘ದಯಮಾಡಿ’ ಎಂದು ಹೇಳಿದರೆ ಹೇಳಿದವನಿಗೆ ಏನೋ ಆಗಬೇಕಾಗಿದೆ, ನಮಗೆ ಅವಸರವಿಲ್ಲ ಎಂದು ಜನ ತಿಳಿಯುತ್ತಾರೆ. ಪಾಪ, ಅವರು ಮಕ್ಕಳನ್ನು ಆಳಲು ಬಂದಿದ್ದರು. ಆಳಬೇಕಾಗಿ ಬಂದದ್ದು ತಂದೆತಾಯಿಗಳನ್ನು. ಸಾಲಿಯ ಅಂಗಳದ ಬೇವಿನ ಮರಕ್ಕೆ ಯಾರೋ ಎಮ್ಮೆ ಕಟ್ಟುತ್ತಿದ್ದರು. ಬಯಲಕಡೆಯ ಕಿಟಕಿಗೆ ತಾಯಂದಿರು ಮೂರು ನಾಲ್ಕು ಮಂದಿ ಸದಾ ಆತುಕೊಂಡಿದ್ದು, ಮಾಸ್ತರರು ಮಗ್ಗಿ ಕೇಳಿದರೆ ಹೊರಗಿನಿಂದ ಉತ್ತರ ಕೊಡುತ್ತಿದ್ದರು. ಒಬ್ಬ ತಂದೆ ಅದೇ ಕಿಟಕಿಯಿಂದ ಮಗನನ್ನು ಕರೆದು ಬೀಡಿ ತರಲು ಕಳಿಸುತ್ತಿದ್ದ. ಇನ್ನೊಬ್ಬ ಪಾಠದ ನಡುವೆ ಒಳಗೆ ನುಗ್ಗಿ, ಮನೆಯಲ್ಲಿ ಮಾಡಿದ ತಪ್ಪಿಗೆ ಮಗನನ್ನು ಸಾಲಿಯಲ್ಲಿ ಹೊಡೆದು ಹೋದ. ಹೊಡೆಯುವುದು ಮಾಸ್ತರರ ಹಕ್ಕು. ಅದಕ್ಕೂ ಜನ ಕೈ ಹಾಕಿದ ಮೇಲೆ ಸಾಲಿಯಲ್ಲಿ ಉಳಿಯುವುದೇನು?

ಇಷ್ಟನ್ನೂ ಹೆಡ್‌ಮಾಸ್ತರರು ‘ದಯಮಾಡಿ’ ಎನ್ನುತ್ತಲೇ ಸಹಿಸಿದರು. ಸಹಿಸಲಾಗದೆ ಹೋದದ್ದು ಬಸ್ಯಾನ ಪ್ರಕರಣ.

ಒಂದು ಮಧ್ಯಾಹ್ನ ಭಾಲ್ಕಿಯಿಂದ ಒಬ್ಬ ಸೋದರಮಾವ ಬಂದ. ಅವನ ಮನೆಯಲ್ಲಿ ತೊಟ್ಟಿಲ ಕಾರ್ಯ. ಅಕ್ಕನ ಮಗ ಬಸವರಾಜನನ್ನು ಒಯ್ಯಬೇಕು. ಆತ ಹುಡುಗನನ್ನು ಕಂಡದ್ದು ಹುಡುಗನಿಗೆ ಹಲ್ಲು ಬರುವ ಮುಂಚೆ. ಬಾಗಿಲಲ್ಲಿ ನಿಂತು, “ಏ ಬಸ್ಯಾ, ಬಾ, ನಿಮ್ಮ ಮಾಮಾ ಬಂದೀನಿ” ಎಂದ. ಬಸವಣ್ಣನವರನ್ನು ನಂಬಿದ ನಮ್ಮ ಊರಿನಲ್ಲಿ ಬಸ್ಯಾ ಎಂದು ಕರೆದರೆ ಅರ್ಧ ಇಯತ್ತೆ ಎದ್ದು ನಿಲ್ಲುತ್ತದೆ. ಎಲ್ಲರಿಗಿಂತ ಮೊದಲು ಎದ್ದವನು ಮಾಮಾನ ಕೈಯಲ್ಲಿದ್ದ ಬುಂದಿಯ ಪೊಟ್ಟಣವನ್ನು ಎಲ್ಲರಿಗಿಂತ ಮೊದಲು ಕಂಡವನು. ಮಾಮಾ ಆ ಬಸ್ಯಾನ ಕೈಹಿಡಿದು ಮೋಟಾರು ಹತ್ತಿಸಿ ಭಾಲ್ಕಿಗೆ ಒಯ್ದ. ಅಲ್ಲಿ ಹೆಂಗಸರು ಹುಡುಗನ ಮುಖ ನೋಡಿ, ಇದು ನಮ್ಮದಲ್ಲ ಎಂದಾಗ ಹುಡುಗ ಎರಡನೆಯ ಹೋಳಿಗೆಯಲ್ಲಿದ್ದ. ಮರುದಿನ ಮುಂಜಾನೆ ಹೊಸ ಟೊಪ್ಪಿಗೆ ಹಾಕಿಕೊಂಡು ಕ್ಷೇಮವಾಗಿ ಮರಳಿ ಬಂದು, ಅತ್ತು ಕಣ್ಣು ಬಾತ ತಾಯಿಯ ಎದುರು, “ಆ ಮಾಮಾ ನಮ್ಮ ಮಾಮಾಗಿಂತ ಚಲೋ ಅದಾನ” ಎಂದು ವರದಿ ಒಪ್ಪಿಸಿದ. ಇತ್ತ ನಿಜವಾದ ಬಸ್ಯಾ ತನ್ನ ಹೋಳಿಗೆ ಯಾರೋ ತಿಂದರೆಂದು ಸಾಲಿಗೇ ಬರಲಾರೆನೆಂದು ಹಟ ಹಿಡಿದ.

ಓಣಿಯ ಹಿರಿಯರು ಸೇರಿದರು. ಪಾಲಕರಿಗೆ ನಿಯಮಗಳು ಬೇಕೆಂದು ತೀರ್ಮಾನವಾಯಿತು. ಬರೆಯುವವರು ಯಾರು? ನಾನು ಕೆಮ್ಮಿದೆ. ಹೀಗೆ ನಾನು ನೇಮಕವಾದೆ.

ಎಮ್ಮೆ ಕಟ್ಟತಕ್ಕದ್ದಲ್ಲ, ಕಿಟಕಿಯಿಂದ ಉತ್ತರ ಹೇಳತಕ್ಕದ್ದಲ್ಲ, ಮಗುವಿನ ಮುಖ ತೊಳೆದು ಕಳಿಸತಕ್ಕದ್ದು, ಹೊಡೆಯುವುದಿದ್ದರೆ ಮನೆಯಲ್ಲೇ ಹೊಡೆದು ಮುಗಿಸತಕ್ಕದ್ದು. ಬರೆಯುತ್ತ ಹೋದಂತೆ ನನ್ನ ಲೇಖನಿಗೆ ಸುಲ್ತಾನರ ಆವೇಶ ಬಂತು. ಎಲ್ಲಕ್ಕೂ ಕಳಶದಂತೆ ಕಡೆಯ ಕಲಮು: ಮಗುವನ್ನು ಮುಂಜಾನೆ ಸಾಲಿಗೆ ಬಿಟ್ಟವರೇ ಸಂಜೆ ಒಯ್ಯತಕ್ಕದ್ದು. ಬೇರೆ ಯಾರಿಗೂ ಕೊಡತಕ್ಕದ್ದಲ್ಲ. ಯಾವ ಸಬೂಬೂ ನಡೆಯತಕ್ಕದ್ದಲ್ಲ.

ಹೆಡ್‌ಮಾಸ್ತರರು ಓದಿ, ಅಪರೂಪಕ್ಕೆ ಒಮ್ಮೆ ಮಗುವಿನ ತಂದೆಯೇ ಬಂದು ಕೇಳಿದರೆ ಏನು ಮಾಡುವುದೆಂದು ಮೆಲ್ಲಗೆ ಕೇಳಿದರು. ಬಾಗಿಲು ಇಟ್ಟ ಗೋಡೆ ಗೋಡೆಯಲ್ಲವೆಂದು ನಾನು ಗಂಭೀರವಾಗಿ ಹೇಳಿದೆ. ತಂದೆಗೆಂದು ಸಡಿಲ ಬಿಟ್ಟರೆ ಚಿಕ್ಕಪ್ಪ ಬರುತ್ತಾನೆ, ಚಿಕ್ಕಪ್ಪನ ಹಿಂದೆ ಭಾಲ್ಕಿಯ ಮಾಮಾ ಬರುತ್ತಾನೆ. ಅವರು ಆ ಕಲಮನ್ನು ಹಾಗೆಯೇ ಇಟ್ಟುಕೊಂಡರು. ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯಿಸಿ ಗೇಟಿಗೆ ತೂಗುಹಾಕಿದರು. ನಾನು ಕಚೇರಿಗೆ ಹೋಗುವಾಗ ಒಂದು ವಾರ ಬಳಸುದಾರಿ ಹಿಡಿದು ಆ ಹಲಗೆ ನೋಡಿಯೇ ಮುಂದೆ ಹೋದೆ.

ಕಲಮಿಗೆ ಮೊದಲು ಸಿಕ್ಕಿದವನು ಶರಣಪ್ಪ. ಪಕ್ಕದ ಹಳ್ಳಿ ಅಷ್ಟೂರಿನವನು, ಬೀದರಿನ ಪೇಟೆಗೆ ಕಾಯಿಪಲ್ಯ ತರುತ್ತಿದ್ದ. ಅವನ ಮಗ ನಮ್ಮ ಓಣಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಒಂದು ದಿನ ಬುಟ್ಟಿ ಬೇಗ ಖಾಲಿಯಾಗಿ ಶರಣಪ್ಪ ಮಗನನ್ನು ಊರಿಗೆ ಒಯ್ಯಲು ಬಂದರೆ, ಬಿಟ್ಟವಳು ಅತ್ತೆ, ಆದ್ದರಿಂದ ಕೊಡಲಿಲ್ಲ. ಅವನು ನೇರ ನನ್ನ ಕಚೇರಿಗೆ ಬಂದು, ಮಗ ನನ್ನವ ಹೌದೋ ಅಲ್ಲೋ ಎಂದು ಕೇಳಿದ. ಮಗ ಅವನವನೇ, ಆದರೆ ಹತ್ತರಿಂದ ಐದರವರೆಗೆ ಸಾಲಿಯವನು ಎಂದು ನಾನು ತೀರ್ಪು ಕೊಟ್ಟೆ. ಆ ತೀರ್ಪಿನ ಸೊಗಸು ಅವನಿಗೆ ಅರ್ಥವಾಗಲಿಲ್ಲ. ಖಾಲಿ ಬುಟ್ಟಿ ಹೊತ್ತುಕೊಂಡು ಒಬ್ಬನೇ ಹೋದ.

ಅದಾಗಿ ಒಂದು ವಾರ. ನನ್ನ ಹೆಂಡತಿ ಹೆರಿಗೆಗೆಂದು ಔರಾದಿನ ತವರಿಗೆ ಹೋಗಿದ್ದಳು. ಮಗಳು ನೀಲಾ ಒಂದನೆಯ ಇಯತ್ತೆ, ನನ್ನ ಬಳಿ, ಅಂದರೆ ಅವ್ವನ ಬಳಿ ಇದ್ದಳು. ಕೂಸು ಹುಟ್ಟಿದ ಕೂಡಲೆ ಎಲ್ಲರಿಗಿಂತ ಮೊದಲು ನಿನ್ನ ತೊಡೆಯ ಮೇಲೆ ಮಲಗಿಸುತ್ತೇವೆಂದು ಆಕೆಗೆ ತಾಯಿ ಮಾತು ಕೊಟ್ಟು ಹೋಗಿದ್ದಳು. ಔರಾದಿನಲ್ಲಿ ನನ್ನ ಹೆಂಡತಿಯ ಅಕ್ಕತಂಗಿಯರ ಮಕ್ಕಳ ಒಂದು ಪಲ್ಟನ್ನೇ ಇತ್ತು. ಆ ಪಲ್ಟನ್ನು ತನಗಿಂತ ಮೊದಲು ಎತ್ತಿಕೊಂಡೀತು ಎಂಬ ಒಂದೇ ಚಿಂತೆಯಲ್ಲಿ ನೀಲಾ ಸೊರಗುತ್ತಿದ್ದಳು.

ಅಂದು ಮಧ್ಯಾಹ್ನ ಔರಾದಿನಿಂದ ಕಚೇರಿ ಕೆಲಸಕ್ಕೆ ಬಂದವನೊಬ್ಬ ಸುದ್ದಿ ತಂದ. ಹೆಣ್ಣು ಕೂಸು, ತಾಯಿ ಮಗು ಕ್ಷೇಮ, ನೀಲಾನನ್ನು ಕರೆದುಕೊಂಡು ಇವತ್ತೇ ಬರಬೇಕಂತೆ, ಆ ಪಲ್ಟನ್ನನ್ನು ಹೆಚ್ಚು ಹೊತ್ತು ತಡೆಯುವುದು ಬಾಣಂತಿಯಿಂದಾಗದಂತೆ. ಔರಾದಿನ ಕಡೆಯ ಮೋಟಾರು ನಾಲ್ಕಕ್ಕೆ. ನಾನು ರಜೆ ಕೇಳಿ ಓಡಿದೆ. ಸಾಲಿಯ ಗೇಟು ಬಂದಾಗ ಕಡೆಯ ಕಲಮು ನೆನಪಾಯಿತು. ಮುಂಜಾನೆ ನೀಲಾನನ್ನು ಬಿಟ್ಟವಳು ಅವ್ವ. ಬಿಟ್ಟವಳೇ ಹಾಗೆಯೇ ಕಮಠಾಣದ ತನ್ನ ತಂಗಿಯ ಮನೆಗೆ ಹೋಗಿದ್ದಳು. ಸಾಲಿ ಬಿಡುವ ಐದಕ್ಕೆ ಬರುವವಳು.

ಬೀದರಿನ ಕೋಟೆಯನ್ನು ನೋಡಿದವರಿಗೆ ಗೊತ್ತು. ಒಂದರ ಹಿಂದೆ ಒಂದು ದರವಾಜೆ, ಕಂದಕ, ಬುರುಜು, ತೋಪು. ಇಷ್ಟಿದ್ದೂ ಹೊರಗಿನವರು ಒಳಗೆ ಬಂದೇ ಬಂದರು ಎಂದು ಇತಿಹಾಸ ಹೇಳುತ್ತದೆ. ಕೋಟೆ ಕಟ್ಟಿ ಹುಕುಂ ಹೊರಡಿಸಿದ ಸುಲ್ತಾನರೆಲ್ಲ ಈಗ ಅಷ್ಟೂರಿನ ಗುಮ್ಮಟಗಳ ಕೆಳಗೆ ಮಲಗಿದ್ದಾರೆ, ಹುಕುಮುಗಳೂ ಪಕ್ಕದಲ್ಲೇ ಮಲಗಿವೆ. ನಮ್ಮ ಸಾಲಿಗೆ ಇದ್ದದ್ದು ಸೊಂಟದೆತ್ತರದ ಕಟ್ಟಿಗೆಯ ಗೇಟು, ಒಂದು ಹಲಗೆ. ಅದನ್ನು ನಾನು ದಾಟಲಾರದೆ ಹೋದೆ.

ಹೆಡ್‌ಮಾಸ್ತರರು ಗೇಟಿನ ತನಕ ಬಂದು, ಕೂಸಿನ ಸುದ್ದಿ ಕೇಳಿ ನಿಜವಾಗಿ ಸಂತೋಷಪಟ್ಟರು. ಆಮೇಲೆ ಹಲಗೆಯ ಕಡೆ ನೋಡಿದರು. ನಾನು ಅದರ ಕಡೆ ನೋಡಲಿಲ್ಲ.

“ನಾ ಯಾರು ಅಂತ ನಿಮಗ ಗೊತ್ತದಲ್ರೀ ಮಾಸ್ತರ?” ಎಂದೆ.

“ಚೆನ್ನಾಗಿ ಗೊತ್ತು ಸ್ವಾಮಿ,” ಎಂದರು. ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಕೂತವನ ಕಡೆ ಕೈ ತೋರಿಸಿದರು. “ಹೋದ ವಾರ ಅವರೂ ನನಗೆ ಚೆನ್ನಾಗಿ ಗೊತ್ತಿದ್ದರು.”

ಅಲ್ಲಿ ಶರಣಪ್ಪ ಕೂತಿದ್ದ. ಆ ದಿನದಿಂದ ಪೇಟೆಗೆ ಬಂದಾಗಲೆಲ್ಲ ಅವನು ಐದರ ತನಕ ಅಲ್ಲೇ ಕಾಯುತ್ತಿದ್ದನಂತೆ. ಸಂಜೆಯ ಮೇಲೆ ಹುಡುಗನನ್ನು ಊರಿಗೆ ಕಳಿಸಲು ಅತ್ತೆ ಒಪ್ಪದ್ದರಿಂದ, ಮಗ ಆಕೆಯ ಕೈಹಿಡಿದು ಹೊರಬಂದ ಮೇಲೆ ಓಣಿಯ ತಿರುವಿನವರೆಗೆ ಜೊತೆಗೆ ನಡೆದು ಆಮೇಲೆ ಊರಿಗೆ ಹೋಗುವುದು. ಕಾನೂನಿನಲ್ಲಿ ಅದಕ್ಕೆ ತಡೆ ಇರಲಿಲ್ಲ. ಅದನ್ನು ಬರೆಯಲು ನನಗೆ ಹೊಳೆದಿರಲಿಲ್ಲ.

ಕಡೆಯ ಉಪಾಯವೆಂದು ನೀಲಾನನ್ನೇ ಕರೆಸಿ ಕೇಳಿರೆಂದೆ. ಆಕೆ ಬಂದಳು. ತಂಗಿ ಹುಟ್ಟಿದ್ದನ್ನು ಕೇಳಿ ಕಣ್ಣು ದೊಡ್ಡವಾದವು. ಕುಣಿಯಲು ಒಂದು ಕಾಲು ಎತ್ತಿದವಳು ಹಾಗೇ ಇಳಿಸಿ, “ಮುಂಜಾನಿ ಬಿಟ್ಟಾಕಿ ಆಯಿ ಅಲ್ಲೇನಪ್ಪಾ?” ಎಂದಳು. ಆಯಿ ಎಂದರೆ ಆಕೆಯ ಅಜ್ಜಿ, ನಮ್ಮ ಅವ್ವ. “ಬ್ಯಾರೆದವ್ರ ಕೂಡ ಹೋಗಬ್ಯಾಡ ಅಂತ ನೀನ ಹೇಳಿದಿ.” ಇಡೀ ಬೀದರಿನಲ್ಲಿ ನನ್ನ ನಿಯಮವನ್ನು ಮನಸಾರೆ ಒಪ್ಪಿದ ಪ್ರಜೆ ಇವಳೊಬ್ಬಳೇ. ಗೇಟಿನ ಆಚೆಯ ರಸ್ತೆಯನ್ನು ಒಮ್ಮೆ ನೋಡಿದಳು. ಆದರೂ ಹಿಂತಿರುಗಿ ಒಳಗೆ ಹೋದಳು.

“ಬರ್ರಿ ಮುನ್ಶಿ ಸಾಹೇಬ್ರ, ಕೂಡ್ರಿ,” ಎಂದ ಶರಣಪ್ಪ. “ನೆರಳು ಇಲ್ಲೇ ಚಲೋ ಅದ.” ಸ್ವಲ್ಪ ಸರಿದು ಜಾಗ ಮಾಡಿದ. ಬುಟ್ಟಿಯಲ್ಲಿ ಉಳಿದ ಸವತೆಕಾಯಿ ಒಂದನ್ನು ಮುರಿದು ಅರ್ಧ ಕೊಟ್ಟ. ತನ್ನ ಅರ್ಧವನ್ನು ಅಗಿಯುತ್ತ, “ನಿಮ್ಮ ಮಗಳು ಯಾವ ಸಾಲಿನಾಗ ಕೂಡ್ತಾಳ್ರಿ?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. “ಕಿಟಕಿ ಹಂತೇಕ, ಎರಡನೇದು. ನಮ್ಮಾಂವ ಆಕಿ ಹಿಂದ,” ಎಂದು ಅವನೇ ಹೇಳಿದ. “ಭಾಳ ಜೋರ್ ಅದಾಳ್ರಿ. ನೀರು ಕುಡಿಯಾಕೂ ಪಾಳಿ ಹಚ್ಚತಾಳ. ಯಾರ ಗುಣ ಬಂದದೋ ಏನೋ.” ನಾನು ಸವತೆಕಾಯಿಯ ಮೇಲೆ ಮನಸ್ಸಿಟ್ಟೆ. ನಾಲ್ಕಕ್ಕೆ ದೂರದಲ್ಲಿ ಔರಾದಿನ ಮೋಟಾರಿನ ಪೋಂಕಾರ ಕೇಳಿತು. ಅವನೂ ಕೇಳಿಸಿಕೊಂಡ. ಬುಟ್ಟಿಯಿಂದ ಇನ್ನೊಂದು ಸವತೆಕಾಯಿ ತೆಗೆದು ಮುರಿದ. ಒಂದು ಚುಚ್ಚುಮಾತು ಆಡಿದ್ದರೆ ನನಗೆ ಒಂದಿಷ್ಟು ಹಗುರವಾಗುತ್ತಿತ್ತು.

ಐದಕ್ಕೆ ಅವ್ವ ಬಂದಳು, ಹಲಗೆಯ ಕಡೆ ನೋಡದೆ ಒಳಗೆ ಹೋಗಿ ನೀಲಾನನ್ನು ಕರೆತಂದಳು. ವಿಷಯವೆಲ್ಲ ಕೇಳಿದ ಮೇಲೆ, “ನಿನ್ನನ್ನ ಇಲ್ಲಿ ಬಿಟ್ಟವ್ರು ಯಾರಪಾ? ಅವ್ರು ಬರೂತನಕ ಇಲ್ಲೇ ಕೂಡು,” ಎಂದು ಮೊಮ್ಮಗಳ ಕೈಹಿಡಿದು ನಡೆದೇಬಿಟ್ಟಳು. ಶರಣಪ್ಪ ಅಂದು ಮೊದಲ ಸಲ ನಕ್ಕ.

ಮರುದಿನ ಮುಂಜಾನೆಯ ಮೊದಲ ಮೋಟಾರಿಗೆ ಮೂವರೂ ಔರಾದಿಗೆ ಹೋದೆವು. ದಾರಿಯುದ್ದಕ್ಕೂ ನೀಲಾ ಬೆರಳು ಮಡಿಸುತ್ತಿದ್ದಳು. ಪಲ್ಟನ್ನು ರಾತ್ರಿಯೆಲ್ಲ ಏನು ಮಾಡಿರಬಹುದೆಂದು ಆಕೆ ಲೆಕ್ಕ ಹಾಕುತ್ತಿದ್ದಳು, ನಾನೂ ಹಾಕುತ್ತಿದ್ದೆ. ಹೋಗಿ ನೋಡಿದರೆ ಬಾಣಂತಿಯ ಕೋಣೆಯ ಹೊರಗೆ ಪಲ್ಟನ್ನು ಮುಖ ಊದಿಸಿಕೊಂಡು ಕೂತಿತ್ತು. ಹೆಂಡತಿ ಒಬ್ಬರಿಗೂ ಕೂಸನ್ನು ಮುಟ್ಟಗೊಟ್ಟಿರಲಿಲ್ಲ. ತಡವಾದದ್ದಕ್ಕೆ ಕಾರಣವನ್ನು ಅವ್ವನೇ ವಿಸ್ತಾರವಾಗಿ, ಬೇಕಾದದ್ದಕ್ಕಿಂತ ವಿಸ್ತಾರವಾಗಿ ಹೇಳಿದಳು. ನಾನು ಮಾತು ಮರೆಸಲು ಕೂಸಿನ ಕಡೆ ಕೈ ಚಾಚಿದೆ.

“ತಡೀರಿ,” ಎಂದಳು ಹೆಂಡತಿ. “ಇಷ್ಟು ತಿಂಗಳು ಹೊತ್ತು ಇಲ್ಲಿಗಿ ಮುಟ್ಟಿಸಿದಾಕಿ ನಾ. ನಿಮ್ಮ ಕಾಯ್ದೆ ಪ್ರಕಾರ ನಿಮಗ ಕೊಡಾಕ ಬರೂದಿಲ್ಲ.”

ಕೂಸು ನೀಲಾನ ತೊಡೆಯ ಮೇಲೆ ಹೋಯಿತು. ಕಾಯ್ದೆಗೆ ಅದು ಒಪ್ಪುತ್ತದೋ ಇಲ್ಲವೋ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಆಮೇಲೆ ಪಲ್ಟನ್ನಿನ ಪಾಳಿ. ಪಾಳಿ ಹಚ್ಚಿದವಳು ನೀಲಾ. ನನ್ನ ಪಾಳಿ ಎಲ್ಲರಾದ ಮೇಲೆ ಬಂತು.

ಬೀದರಿಗೆ ಮರಳಿದ ಮೇಲೆ ಹೆಡ್‌ಮಾಸ್ತರರು, ಕಡೆಯ ಕಲಮನ್ನು ದಯಮಾಡಿ ಒಂದಿಷ್ಟು ತಿದ್ದಿಕೊಡಿರೆಂದು ಕೇಳಿದರು. ತಿದ್ದಿಕೊಟ್ಟೆ. ತಂದೆತಾಯಿಯಾಗಲಿ ಮನೆಯ ಹಿರಿಯರಾಗಲಿ ಯಾವಾಗ ಬಂದರೂ ಕೊಡತಕ್ಕದ್ದೆಂದು ಹಲಗೆಯ ಕೆಳಗೆ ಹೊಸ ಸಾಲು ಸೇರಿತು. ಅಲ್ಲಿ ಜಾಗ ಸಾಲದೆ ಅಕ್ಷರ ಸಣ್ಣವಾಗಿದ್ದವು, ಆದರೂ ಶರಣಪ್ಪ ಅವನ್ನು ಮಗನಿಂದ ಓದಿಸಿ ಕೇಳಿದ. ಅಂದೇ ಮಗನನ್ನು ಬುಟ್ಟಿಯ ಜೊತೆಗೆ ಅಷ್ಟೂರಿಗೆ ಒಯ್ದ.

ನನಗೆ ಮಾತ್ರ ಆ ತಿದ್ದುಪಡಿಯಿಂದ ಪ್ರಯೋಜನವಾಗಲಿಲ್ಲ. ಎರಡನೆಯ ಸಾಲು, ಕಿಟಕಿಯ ಪಕ್ಕ ಎಂಬುದನ್ನು ಕಣ್ಣಾರೆ ನೋಡೋಣವೆಂದು ಒಂದು ಮುಂಜಾನೆ ಅವ್ವನ ಬದಲು ನಾನೇ ನೀಲಾನನ್ನು ಕರೆದುಕೊಂಡು ಹೊರಟೆ. ದಾರಿಯಲ್ಲಿ ಆಕೆ ನನಗೆ ಎಲ್ಲಿ ನಡೆಯತಕ್ಕದ್ದು, ಯಾವ ನಾಯಿಯನ್ನು ನೋಡತಕ್ಕದ್ದಲ್ಲ ಎಂಬುದನ್ನೆಲ್ಲ ತಿಳಿಸಿದಳು. ಗೇಟಿನ ಹತ್ತಿರ ಹಲಗೆಯ ಹೊಸ ಸಾಲನ್ನು ತೋರಿಸಿ, ಇನ್ನು ಮೇಲೆ ಸಂಜೆ ಮನೆಯವರು ಯಾರಾದರೂ ಬರಬಹುದು, ಆಯಿ ಬಂದರೂ ನಡೆಯುತ್ತದೆ ಎಂದು ವಿವರಿಸಿದೆ. ಆಕೆ ಕೈ ಬಿಡಿಸಿಕೊಂಡು, ಹಲಗೆಯನ್ನೂ ನನ್ನನ್ನೂ ಒಮ್ಮೆ ನೋಡಿದಳು.

“ಬಿಟ್ಟಾಂವ ನೀ,” ಎಂದಳು. “ನೀನ ಬರಬೇಕು. ಬ್ಯಾರೆದವ್ರು ಬಂದ್ರ ನಾ ಬರಂಗಿಲ್ಲ.”

ಮುಂದೆ ಎಷ್ಟೋ ವರ್ಷ ನಾನು ಕಚೇರಿಯಲ್ಲಿ ಹತ್ತಾರು ನಿಯಮಗಳ ಮಸೂದೆ ಬರೆದೆ. ಇಷ್ಟು ಚಿಕ್ಕದಾದ, ಇಷ್ಟು ಬಿಗಿಯಾದ ಕಲಮು ನನ್ನಿಂದ ಆಗಲಿಲ್ಲ. ಆ ಸಂಜೆ ಐದಕ್ಕಿಂತ ಮುಂಚೆಯೇ ಹೋಗಿ ಬೇವಿನ ಕಟ್ಟೆಯ ಮೇಲೆ ಕೂತೆ.