ಎಡಗಣ್ಣಿನ ಪಾಪೆ

ಸೆಲ್ಮರ್ ಬ್ರಾಂಡ್‌ವೋಲ್ಡ್ ಬಾಯಿ ತೆರೆದರೆ ಬೈಗುಳ, ಮುಚ್ಚಿದರೆ ಮುನಿಸು ಎನ್ನುವಂಥ ಮನುಷ್ಯ. ಕೈ ಮಾತ್ರ ಬೆಣ್ಣೆ. ವಿಸ್ಕಾನ್ಸಿನ್‌ನ ಆ ಉತ್ತರದ ಊರುಗಳಲ್ಲಿ, ಬೇಟೆಯಾಡಿದ ಜಿಂಕೆಯ ತಲೆ ಗೋಡೆಗೆ ಏರದ ಮನೆ ಕಡಿಮೆ. ಆ ತಲೆಗಳಿಗೆ ಅವನು ಕೂರಿಸಿದ ಗಾಜಿನ ಕಣ್ಣುಗಳನ್ನು ಜನ ಇವತ್ತಿಗೂ ನಿಂತು ನೋಡುತ್ತಾರೆ. ಈಗ ಎಂಬತ್ತು ದಾಟಿದ ಅವನಿಗೆ ಸ್ವಂತ ಕಣ್ಣುಗಳೇ ಕೈಕೊಟ್ಟಿದ್ದವು. ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎನ್ನುವುದೂ ದನಿ ಕೇಳಿದ ಮೇಲೇ ಗೊತ್ತಾಗುತ್ತಿತ್ತು. ಬೇಟೆಯ ತಲೆಗಳಿಗೆ ಜೀವಂತ ರೂಪ ಕೊಡುವ ಅವನ ಅಂಗಡಿಯನ್ನು ಮಗಳು ಆರ್ಲಿಸ್ ನಡೆಸುತ್ತಿದ್ದಳು.

ಆರ್ಲಿಸ್ ಕಸುಬು ಕಲಿತದ್ದು ಅಪ್ಪನ ಬಾಯಿಗೆ ಸಿಕ್ಕಿಯೇ. "ಇದೇನು ಜಿಂಕೆಯೋ, ಹಲ್ಲುನೋವು ಬಂದ ಮುದುಕಿಯೋ?" ಎಂದು ಗಿರಾಕಿಗಳೆದುರೇ ಹಂಗಿಸುತ್ತಿದ್ದ. ಅವಳು ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಮತ್ತೆ ಕೂತ ದಿನಗಳು ಎಷ್ಟೋ. ಐವತ್ತು ದಾಟಿದ ಮೇಲೂ ಅವಳಿಗೆ ಅವನೆಂದರೆ ಒಳಗೊಳಗೇ ಅಳುಕು.

ಜನವರಿಯ ಒಂದು ಬೆಳಿಗ್ಗೆ, ಹಸು ಸಾಕುವ ಮೈಲೋ ಟೆಶ್ ಬೂಟಿನ ಹಿಮ ಕೊಡವುತ್ತಾ ಒಳಗೆ ಬಂದ. ಅವನು ನವೆಂಬರಿನಲ್ಲಿ ಹೊಡೆದಿದ್ದ ಗಂಡು ಜಿಂಕೆಯ ಚರ್ಮ ಹದವಾಗಿ ಬಂದಿತ್ತು.

"ಯಜಮಾನ್ರೇ, ಇದರ ಕಣ್ಣು ನೀವೇ ಕೂರಿಸ್ಬೇಕು. ನಮ್ಮಪ್ಪ ಹೊಡೆದಿದ್ದಕ್ಕೆಲ್ಲ ನಿಮ್ಮ ಕೈಯೇ ಅಲ್ವಾ?" ಎಂದ ಮೈಲೋ.

"ನಂಗೆ ಕಣ್ಣು ಕಾಣ್ಸಲ್ಲ ಕಣಯ್ಯಾ."

"ಹಾಲು ಕರಿಯೋಕೆ ಕೆಚ್ಚಲು ನೋಡ್ತಾ ಕೂರ್ಬೇಕಾ? ಕೈಗೆ ಗೊತ್ತಿರುತ್ತೆ ಬಿಡಿ."

ಮುದುಕ ಗೊಳ್ಳನೆ ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ! ಆರ್ಲಿಸ್‌ಗೆ ಬೇಡವೆನ್ನಲು ಮನಸ್ಸಾಗಲಿಲ್ಲ. ಆದರೆ ಇದೇ ಅಪ್ಪನ ಕೊನೆಯ ಜಿಂಕೆ. ಇದೊಂದು ಕೆಟ್ಟರೆ, ಇಷ್ಟು ವರ್ಷ ಕಟ್ಟಿದ ಹೆಸರು ಕೆಡುತ್ತದೆ.

ಚರ್ಮ ಹೊದಿಸಲು ಇಟ್ಟಿದ್ದ ಫೋಮಿನ ತಲೆಯಚ್ಚಿನ ಕಣ್ಣಿನ ಗುಳಿಗಳಿಗೆ ಸೆಲ್ಮರ್ ಜೇಡಿಮಣ್ಣು ತುಂಬಿದ. ಗಾಜಿನ ಕಣ್ಣುಗಳನ್ನು ಒತ್ತಿ ಕೂರಿಸಿ, ಸುತ್ತ ಮಣ್ಣಿನಲ್ಲೇ ರೆಪ್ಪೆ ತಿದ್ದುತ್ತಾ ಹೋದ. ಒಳಮೂಲೆಯ ತಗ್ಗು, ಹುಬ್ಬಿನ ಏರು, ಎಲ್ಲವೂ ಬೆರಳಿಗೆ ಬಾಯಿಪಾಠ. ರೆಪ್ಪೆಗಳು ಮುಗಿದಾಗ ಆರ್ಲಿಸ್‌ಗೆ ಹೊಟ್ಟೆಕಿಚ್ಚೇ ಆಯಿತು. ತನಗೆ ಇಂಥದ್ದು ಒಂದು ಸಲವೂ ಬಂದಿರಲಿಲ್ಲ.

ಆಮೇಲೆ ಎಡಗಣ್ಣನ್ನು ಸರಿಯಾಗಿ ನೋಡಿದಳು. ಜಿಂಕೆಯ ಪಾಪೆ ದುಂಡಗಿರುವುದಿಲ್ಲ, ಅಡ್ಡಕ್ಕೆ ಉದ್ದ. ತಲೆ ಬಗ್ಗಿರಲಿ, ಎತ್ತಿರಲಿ, ಆ ಪಾಪೆ ನೆಲಕ್ಕೆ ಸಮನಾಗಿ ನಿಲ್ಲಬೇಕು. ಒತ್ತುವಾಗ ಎಡಗಣ್ಣು ತಿರುಗಿ ಪಾಪೆ ಓರೆಯಾಗಿತ್ತು. ಪಾಪೆಯನ್ನು ಬರೆದಿರುವುದು ಗಾಜಿನ ಹಿಂಬದಿಗೆ. ಮೇಲೆ ಎಷ್ಟು ತಡಕಿದರೂ ಬೆರಳಿಗೆ ಸಿಗುವುದು ಬರೀ ನುಣುಪು.

"ಹೆಂಗಿದೆ?" ಎಂದ ಸೆಲ್ಮರ್.

"ಚೆನ್ನಾಗಿದೆ ಅಪ್ಪಾ."

"ಪಾಪೆ?"

"ಸರಿಯಾಗಿದೆ."

ಮುದುಕ ಕೈ ತೊಳೆದುಕೊಂಡು, ಊಟ ಮಾಡಿ ಅಡ್ಡಾಗಲು ಹೋದ. ಅವನ ಗೊರಕೆ ಕೇಳಿದ್ದೇ ಆರ್ಲಿಸ್ ಕಳ್ಳಿಯ ಹಾಗೆ ಬಂದು ಎಡಗಣ್ಣನ್ನು ಮೆಲ್ಲಗೆ ತಿರುಗಿಸಿದಳು. ಹುಬ್ಬಿನಲ್ಲಿ ಜಾರಿದ ಮಣ್ಣನ್ನು ಮತ್ತೆ ಮೆತ್ತಿ, ಒದ್ದೆ ಕುಂಚದಿಂದ ಸವರಿದಳು. ಪಾಪೆ ನೇರವಾಯಿತು. ಸದ್ಯ, ಮಾನ ಉಳಿಯಿತು ಎಂದುಕೊಂಡಳು.

ಸೆಲ್ಮರ್ ಎದ್ದು ಬಂದ. ಆಲೂಗೆಡ್ಡೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಅವಳು ಕೊಟ್ಟದ್ದನ್ನು ತಿಂದ. ಚರ್ಮ ಹೊದಿಸುವ ಮೊದಲು ಇನ್ನೊಮ್ಮೆ ನೋಡುತ್ತೇನೆಂದು ಅಚ್ಚಿನ ಮೇಲೆ ಕೈಯಾಡಿಸಿದ. ಬಲಗಣ್ಣು ದಾಟಿ ಎಡಗಣ್ಣಿನ ಹುಬ್ಬಿಗೆ ಬಂದ ಬೆರಳು ಅಲ್ಲೇ ನಿಂತಿತು.

"ಮುಟ್ಟಿದ್ದೀಯ."

"ಇಲ್ಲಪ್ಪಾ."

"ಸುಳ್ಳು ಬೊಗಳ್ಬೇಡ. ಈ ಹುಬ್ಬು ನಂದಲ್ಲ, ನಿಂದು. ನೀನು ಯಾವಾಗ್ಲೂ ಒಂದು ಕಾಳಷ್ಟು ದಪ್ಪ ಮಾಡ್ತೀಯ. ಪಾಪೆ ಓರೆಯಾಗಿತ್ತಾ?"

"...ಸ್ವಲ್ಪ."

"ಹಂಗಂತ ಹೇಳೋಕೆ ಬಾಯಿಗೇನು ಬಂದಿತ್ತು?"

"ನಿಂಗೆ ಬೇಜಾರಾಗುತ್ತೆ ಅಂತ."

"ಬೇಜಾರು!" ಮುದುಕನ ದನಿ ನಡುಗಿತು. "ಕಣ್ಣು ಹೋಗಿದೆ ಕಣೇ, ಕಸುಬು ಹೋಗಿಲ್ಲ. ತಪ್ಪು ಮಾಡಿದ್ರೆ ತಪ್ಪು ಅನ್ನು, ತಿದ್ಕೋತೀನಿ. ಹಸುಗೂಸಿಗೆ ಹೇಳ್ದಂಗೆ ಚೆನ್ನಾಗಿದೆ ಅಂತೀಯಲ್ಲ, ಜೀವ ಇರುವಾಗ್ಲೇ ನನ್ನನ್ನೂ ಗೋಡೆಗೆ ನೇತುಹಾಕ್ಬಿಟ್ಯಾ?"

ಆ ಮಾತು ಆರ್ಲಿಸ್‌ಳ ಎದೆಗೆ ನಾಟಿತು. ಅವನ ಹೆಸರು ಉಳಿಸಲು ಹೋಗಿ ಅವನನ್ನೇ ಲೆಕ್ಕಕ್ಕಿಲ್ಲದವನನ್ನಾಗಿ ಮಾಡಿದ್ದಳು. ಅಪ್ಪನ ಸಿಟ್ಟಿಗೆ ಅವಳು ಹೆದರುತ್ತಾ ಬಂದಿದ್ದಳೇ ಹೊರತು, ಅವನಿಗೆ ನೋವಾದದ್ದನ್ನು ಕಂಡಿರಲಿಲ್ಲ. ಕಡ್ಡಿ ಹಾಕಿ ಎಡಗಣ್ಣನ್ನು ಮೀಟಿ ತೆಗೆದು, ಒರೆಸಿ, ಅವನ ಅಂಗೈಯಲ್ಲಿಟ್ಟಳು.

"ಕೂರ್ಸು. ನಾನು ಹೇಳ್ತೀನಿ."

ಸೆಲ್ಮರ್ ಒತ್ತಿದ. ಅವಳು ಬಗ್ಗಿ ನೋಡಿದಳು. "ಬಲಕ್ಕೆ. ಇನ್ನೊಂಚೂರು. ಅಯ್ಯೋ, ಜಾಸ್ತಿ ಆಯ್ತು, ಹಿಂದಕ್ಕೆ ಬಾ."

"ಇಷ್ಟಾ?"

"ಊಹೂಂ."

ರೊಟ್ಟಿಯ ಜೊತೆ ಕೊಟ್ಟಿದ್ದ ಕಾಫಿ ಆರಿ ತಣ್ಣಗಾಯಿತು. ಮುದುಕನ ಹಣೆಯಲ್ಲಿ ಬೆವರು. "ಎಷ್ಟು ಕಾಡ್ತೀಯೇ ಮಾರಾಯ್ತಿ! ಗೋಡೆ ಮೇಲೆ ಅಷ್ಟೆತ್ತರದಲ್ಲಿ ಯಾರು ನೋಡ್ತಾರೆ? ಸಾಕು ಬಿಡು."

ಆರ್ಲಿಸ್‌ಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ದನಿಯಲ್ಲಿ ತೋರಗೊಡದೆ ಗದರಿದಳು.

"ಸಾಕಾಗಿಲ್ಲ. ಇನ್ನೂ ಸೊಟ್ಟಗಿದೆ. ಕಿತ್ತು ಮತ್ತೆ ಕೂರ್ಸು."

ಮುದುಕ ಗೊಣಗುತ್ತಾ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.