ಥಾನಿನ ಕೋಣೆಯ ಬೀಗದಕೈ

ಮೊನ್ನೆ ಹೊಲಿಗೆ ಮಷೀನಿನ ಡ್ರಾ ಖಾಲಿ ಮಾಡುವಾಗ ಬಾಬಿನ್‌ಗಳ ಅಡಿಯಲ್ಲಿ ಕಬ್ಬಿಣದ ಬೀಗದಕೈಯೊಂದು ಸಿಕ್ಕಿತು. ಅದರ ಬೀಗ ಯಾವತ್ತೋ ಹೋಗಿದೆ. ಅಂಗೈಯಲ್ಲಿಟ್ಟು ಮುಚ್ಚಿದೆ, ತಣ್ಣಗಿತ್ತು... ಎಷ್ಟು ಸಲ ಇದನ್ನು ಅಕ್ಕನ ಕೈಗೆ ತುರುಕಿದ್ದೆನೋ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ರಾಯದುರ್ಗದ ನಮ್ಮ ಜೀನ್ಸ್ ಶೆಡ್ಡಿನಲ್ಲಿ ನನಗೆ ಜೇಬು ಕೂಡಿಸುವುದನ್ನು ಕಲಿಸಿದವಳು. ಬಾಯಿ ಜೋರು, ಕೈ ಬಂಗಾರ. ಹೊಲಿಗೆ ಸೊಟ್ಟಗಾದರೆ "ಕಣೇಕಲ್ ಕಾಲುವೆ ಹಂಗ ಹೊಂಟೈತಲ್ಲ" ಎಂದು ಎಲ್ಲರ ಮುಂದೆ ಬಿಚ್ಚಿಸುತ್ತಿದ್ದಳು. ಅವಳಿಗೆ ಮೂರ್ಛೆರೋಗವಿತ್ತು, ನಾವು ಫಿಟ್ಸ್ ಅನ್ನುತ್ತಿದ್ದೆವು. ಬಂದಾಗ ಗೋಡೆಯ ಮೊಳೆಯಿಂದ ಬೀಗದಕೈ ತಂದು ಹಿಡಿಸುವುದು ನನ್ನ ಪಾಲಿನ ಕೆಲಸ. ಫಿಟ್ಸು ಎರಡು ನಿಮಿಷಕ್ಕೆ ತಾನಾಗಿ ನಿಲ್ಲುತ್ತಿತ್ತು, ಹೆಸರು ಕಬ್ಬಿಣಕ್ಕೆ ಬರುತ್ತಿತ್ತು. ನನಗೂ ಸ್ವಲ್ಪ ಜಂಬವಿತ್ತು.

ಅವಳನ್ನು ಚೆನ್ನಾಗಿ ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು. ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಬಾವಿಕಟ್ಟೆಗೆ ಕಳಿಸುತ್ತಿರಲಿಲ್ಲ, ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಅವಳ ಗಂಡನಿಗೆ ಚಾಡಿ ಹೇಳುತ್ತಿದ್ದೆವು. ಬೆಂಕಿ, ನೀರು ತಪ್ಪಿಸಿದರೆ ಫಿಟ್ಸಿನಿಂದ ಯಾರೂ ಸಾಯುವುದಿಲ್ಲ ಎಂಬುದು ಇಡೀ ಶೆಡ್ಡಿನ ನಂಬಿಕೆ.

ಶ್ರಾವಣ ಸೋಮವಾರಗಳಲ್ಲಿ ಅಕ್ಕನದು ಕಟ್ಟುನಿಟ್ಟಿನ ಉಪವಾಸ. ಸಂಜೆ ಪೂಜೆಯಾಗುವವರೆಗೆ ತೊಟ್ಟು ನೀರಿಲ್ಲ. ನೀರಿಲ್ಲದ ಮೇಲೆ ಫಿಟ್ಸಿನ ಗುಳಿಗೆ ಎಲ್ಲಿಯದು? ಬೆಳಗಿನ ಗುಳಿಗೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬರುತ್ತಿದ್ದಳು. ನಾನು ನೋಡಿ ಕೇಳಿದ್ದೆ. "ಒಂದಿನಕ್ಕ ಏನಾಗ್ತೈತಿ, ಶಿವ ನೋಡ್ಕೊಂತಾನ" ಎಂದಳು. ಎಂಥ ಭಕ್ತಿ ಎಂದು ಮನೆಗೆ ಹೋಗಿ ಹೊಗಳಿದೆ. ಬುದ್ಧಿ ಎಲ್ಲಿಟ್ಟಿದ್ದೆನೋ...

ಮೂರನೆಯ ಸೋಮವಾರ ಮಧ್ಯಾಹ್ನ ತಲೆ ಸುತ್ತುತ್ತದೆ ಎಂದು ಬಟ್ಟೆಯ ಥಾನುಗಳನ್ನಿಡುವ ಕೋಣೆಗೆ ಹೋಗಿ ಮಲಗಿದಳು. ಉಪವಾಸದ ಸುಸ್ತು, ಪಾಪ, ನಿದ್ದೆ ಮಾಡಲಿ ಎಂದೆವು. ಮಷೀನಿನ ಸದ್ದು ಬೀಳದಿರಲೆಂದು ಬಾಗಿಲು ಮುಂದೆ ಮಾಡಿದವಳು ನಾನೇ. ಟೀ ಹೊತ್ತಿಗೆ ಎಬ್ಬಿಸಲು ಹೋದರೆ ಬೋರಲಾಗಿದ್ದಳು, ಮುಖ ಬಟ್ಟೆಯಲ್ಲಿ ಹುದುಗಿತ್ತು. ಓಡಿ ಬೀಗದಕೈ ತಂದೆ. ಅವಳ ಬೆರಳು ಮಡಚಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಫಿಟ್ಸ್ ಜೋರಾಗಿ ಬಂದ ಮೇಲೆ, ಅಪರೂಪಕ್ಕೆ, ಉಸಿರೇ ನಿಂತುಬಿಡುವುದುಂಟು, ಗುಳಿಗೆ ತಪ್ಪಿದರೆ, ಒಬ್ಬರೇ ಮಲಗಿದ್ದರೆ ಅಪಾಯ ಹೆಚ್ಚು ಎಂದು ತಿಳಿಸಿ ಹೇಳಿದರು. ಯಾರಾದರೂ ನೋಡಿ ಮಗ್ಗುಲಿಗೆ ಹೊರಳಿಸಿ ಜೊತೆಗೆ ಕೂತಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ.

"ಖಾತ್ರಿ ಹೇಳಾಕ ಬರಂಗಿಲ್ಲಮ್ಮ. ಆದ್ರ ಒಂದು ಆಸೆ ಇರ್ತಿತ್ತು."

ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ಈಗ ಶೆಡ್ಡು ನೋಡಿಕೊಳ್ಳುವವಳು ನಾನೇ. ಹೋದ ತಿಂಗಳು ಸೇರಿದ ಹುಡುಗಿಗೂ ಫಿಟ್ಸಿದೆ. ಗುಳಿಗೆಯನ್ನು ನನ್ನ ಕಣ್ಣೆದುರೇ ನುಂಗಬೇಕು, ಉಪವಾಸವಿರಲಿ ಹಬ್ಬವಿರಲಿ. ಹಿಂದಿನಿಂದ ನನ್ನನ್ನು ಪೊಲೀಸಮ್ಮ ಅನ್ನುತ್ತಾಳಂತೆ, ಅನ್ನಲಿ. ಬೀಗದಕೈ ನೋಡಿ ಇದು ಯಾವ ಬಾಗಿಲದ್ದು ಎಂದು ಕೇಳಿದಳು. ಥಾನಿನ ಕೋಣೆಯ ಕಡೆ ಕೈ ತೋರಿದೆ. ಅಲ್ಲಿ ಬರೀ ಚೌಕಟ್ಟು.

"ಬಾಗಿಲು ಯಾಕ ಇಲ್ರಿ ಅದಕ್ಕ?"

"ತೆಗಿಸೀನಿ. ಒಳಗ ಮಲಗಿದಾಕಿ ಕಾಣಬೇಕು."

ಅವಳು ತಲೆಯಾಡಿಸಿ ಮಷೀನಿಗೆ ಹೋದಳು. ಬಾಗಿಲು ತೆಗೆಸಿದ್ದು ಅಕ್ಕನ ಹಾಲುತುಪ್ಪ ಮುಗಿಸಿ ಬಂದ ಸಂಜೆ, ಮೂರು ದಿನ ತಡವಾಗಿ.