ಎಡಕ್ಕೆ ಎಳೆಯುವ ಬೈಕು

ಆ ಬೇಸಿಗೆಯ ಶುಕ್ರವಾರಗಳಲ್ಲಿ ಒಂದು ದಿನ ಬಿಟ್ಟರೆ ನಾನು ಬೆಳಕಾಗುವ ತನಕ ಮಲಗಲಿಲ್ಲ. ವಾರಕ್ಕೆ ರಜೆ ಎಂದು ಇದ್ದದ್ದು ಅದೊಂದೇ ದಿನ. ಮಸೀದಿಯಿಂದ ಬೆಳಗಿನ ಬಾಂಗ್ ಕೇಳುತ್ತಿದ್ದ ಹಾಗೆ ಭಾವ ನನ್ನ ಕೋಣೆಯ ಬಾಗಿಲು ಬಡಿಯುತ್ತಿದ್ದರು. ಜುಲೈಯಲ್ಲಿ ಇಲ್ಲಿ ಕುವೈತ್‌ನಲ್ಲಿ ಆ ಹೊತ್ತಿಗೂ ನಲ್ಲಿಯಲ್ಲಿ ಬಿಸಿನೀರೇ ಬರುತ್ತದೆ. ಅದನ್ನು ಮುಖಕ್ಕೆ ಹಾಕಿಕೊಂಡರೆ ನಿದ್ದೆ ಬಿಡುವುದಿಲ್ಲ, ಇನ್ನಷ್ಟು ಬರುತ್ತದೆ.

ಸೆಪ್ಟೆಂಬರಿನಲ್ಲಿ ನಾವು ಮೂವರು ಯುರೋಪಿಗೆ ಹೋಗುವವರಿದ್ದೆವು: ನಾನು, ನನ್ನ ಅಕ್ಕ, ಭಾವ. ಮ್ಯೂನಿಕ್‌ನಲ್ಲಿ ಎರಡು ಬೈಕ್ ಬಾಡಿಗೆಗೆ ಹಿಡಿದು, ಆಸ್ಟ್ರಿಯಾ ದಾಟಿ, ಇಟಲಿಯ ಕಡೆಯ ಆಲ್ಪ್ಸ್ ಘಾಟಿಗಳನ್ನು ಹತ್ತಿ ಇಳಿದು ಬರುವುದು. ಒಂದು ಬೈಕಿನಲ್ಲಿ ನಾನು ಮತ್ತು ಸಾಮಾನು. ಇನ್ನೊಂದರಲ್ಲಿ ಭಾವ, ಹಿಂದೆ ಅಕ್ಕ. ಇದು ಭಾವನ ಆಸೆ. ಮದುವೆಗೆ ಮೊದಲು ಅವರು ಮಂಗಳೂರಿನಲ್ಲಿ ಔಷಧಿ ಕಂಪನಿಯ ರೆಪ್ ಆಗಿದ್ದರು. ಚಾರ್ಮಾಡಿ ಹತ್ತಿ ಮೂಡಿಗೆರೆಗೆ ಹೋಗಿ ಡಾಕ್ಟರುಗಳನ್ನು ಕಂಡು ಅದೇ ದಿನ ಇಳಿದು ಬರುತ್ತಿದ್ದ ಕಾಲವನ್ನು, ತಾನು ಮನುಷ್ಯನಾಗಿದ್ದ ಕಾಲ ಎನ್ನುತ್ತಿದ್ದರು. ಈಗ ಸಲ್ವಾದ ಒಂದು ಕ್ಯಾಟರಿಂಗ್ ಕಂಪನಿಗೆ ತರಕಾರಿ, ಕೋಳಿ, ಎಣ್ಣೆ ಖರೀದಿ ಮಾಡಿಕೊಡುತ್ತಾರೆ. ಇಲ್ಲಿಗೆ ಬಂದ ಮೇಲೆ ಅವರು ಕಾರು ಬಿಟ್ಟು ಬೇರೆ ವಾಹನ ಮುಟ್ಟಿರಲಿಲ್ಲ.

ಈ ವರ್ಷವೇ ಯಾಕೆ ಎಂದರೆ, ಮುಂದಿನ ವರ್ಷದ್ದು ಗೊತ್ತಿರಲಿಲ್ಲ. ಅವರ ಕಂಪನಿ ಒಬ್ಬೊಬ್ಬರನ್ನೇ ಊರಿಗೆ ಕಳಿಸುತ್ತಿತ್ತು. ಇಕಾಮಾವನ್ನು ಈ ಸಲ ಒಂದೇ ವರ್ಷಕ್ಕೆ ನವೀಕರಿಸಿದ್ದರು. ಇಲ್ಲಿ ವಾಸದ ಈ ಪರವಾನಗಿ ಇದ್ದಾಗ, ಇಲ್ಲಿಯ ಸಂಬಳದ ಚೀಟಿ ತೋರಿಸಿ ಯುರೋಪಿನ ವೀಸಾ ಕೇಳುವುದು ಒಂದು. ಊರಿಗೆ ಹೋಗಿ ಕೆಲಸವಿಲ್ಲದೆ ಕೂತು ಕೇಳುವುದು ಇನ್ನೊಂದು. "ಈಗ ಆಗದಿದ್ದರೆ ಖಲಾಸ್, ನಾನು ಮತ್ತೆ ಆಲ್ಪ್ಸ್ ನೋಡುದು ಕ್ಯಾಲೆಂಡರಿನಲ್ಲೇ" ಎಂದಿದ್ದರು ಭಾವ. ಈ ಸಲ ರಜೆಗೆ ಊರಿಗೆ ಬರುವುದಿಲ್ಲ ಎಂದು ಊರಿಗೆ ತಿಳಿಸಿದ್ದು ಅಕ್ಕ. ಫೋನಿನಲ್ಲಿ ಆಕೆ ಏನು ಕೇಳಿಸಿಕೊಂಡಳೋ, ನಮಗೆ ಹೇಳಲಿಲ್ಲ.

ವೀಸಾ ಬಂತು. ನನಗೂ ಭಾವನಿಗೂ ಇಲ್ಲಿಯ ಬೈಕ್ ಲೈಸೆನ್ಸ್ ಚಳಿಗಾಲದಲ್ಲೇ ಸಿಕ್ಕಿತ್ತು. ಊರಿಗೆ ಹೊರಟಿದ್ದ ಒಬ್ಬರಿಂದ ಅಭ್ಯಾಸಕ್ಕೆಂದು ಒಂದು ಹಳೆ ಬೈಕನ್ನೂ ಕೊಂಡೆವು. ಉಳಿದದ್ದು ಘಾಟಿ. ಕುವೈತ್‌ನಲ್ಲಿ ಘಾಟಿ ಎಲ್ಲಿಂದ ತರುವುದು? ನಾವಿರುವ ಫಿಂಟಾಸ್‌ನಲ್ಲಿ ನೆಲ ದೋಸೆಕಲ್ಲಿನ ಹಾಗಿದೆ. ಕೊನೆಗೆ ಭಾವನೇ ಕಂಡುಹಿಡಿದರು: ಹತ್ತಿರದ ಮಾರ್ಕೆಟ್ ಕಟ್ಟಡದ ಐದು ಮಹಡಿಯ ಪಾರ್ಕಿಂಗ್. ಸುತ್ತಿ ಸುತ್ತಿ ಮೇಲೆ ಹೋಗುವ ಇಳಿಜಾರು, ಪ್ರತಿ ಮಹಡಿಗೆ ಎರಡು ಗಟ್ಟಿ ತಿರುವು. ಶುಕ್ರವಾರ ಬೆಳಗ್ಗೆ ಅಲ್ಲಿ ಒಂದು ಬೆಕ್ಕೂ ಇರುವುದಿಲ್ಲ.

ಮೊದಲನೆಯ ಶುಕ್ರವಾರ ಭಾವ ಆ ತಿರುವುಗಳನ್ನು ಚೆಂದವಾಗಿಯೇ ಹತ್ತಿದರು. ಪ್ರತಿ ತಿರುವಿಗೆ ಮೊದಲು ಹಾರ್ನ್ ಮಾತ್ರ ಹೊಡೆಯುತ್ತಿದ್ದರು. ಕಾಂಕ್ರೀಟಿನೊಳಗೆ ಆ ಸದ್ದು ಐದು ಮಹಡಿಗೂ ಮೊಳಗಿ, ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಮನುಷ್ಯ ಬನಿಯನ್ನಿನಲ್ಲೇ ಓಡಿಬಂದ.

"ಭಾವ, ಹಾರ್ನ್ ಯಾಕೆ?"

"ಎದುರಿನಿಂದ ಬಸ್ಸು ಬಂದ್ರೆ?"

"ಪಾರ್ಕಿಂಗಿನಲ್ಲಿ ಬಸ್ಸಾ?"

"ಕೈ ಹೊಡೀತದೆ ಮಾರಾಯ, ನಾನಲ್ಲ."

ಆಗ ನಕ್ಕೆವು. ಐದು ನಿಮಿಷದ ಮೇಲೆ ಅವರು ಪಾರ್ಕಿಂಗಿನಿಂದ ಹೊರಗಿನ ರಸ್ತೆಗೆ ಇಳಿದಾಗ ನಗು ನಿಂತಿತು. ಖಾಲಿ ರಸ್ತೆ. ಬೈಕು ಆರಾಮಾಗಿ ಎಡಗಡೆಗೆ ಹೋಯಿತು; ಹೋಗಿ, ಎಡಗಡೆಯಲ್ಲೇ ಮುಂದುವರಿಯಿತು. ಕುವೈತ್‌ನಲ್ಲಿ ವಾಹನಗಳು ರಸ್ತೆಯ ಬಲಗಡೆ ಹೋಗುತ್ತವೆ. ಯುರೋಪಿನಲ್ಲೂ ಹಾಗೆಯೇ. ಹದಿನಾರು ವರ್ಷದಿಂದ ಕಾರನ್ನು ಬಲಗಡೆ ಓಡಿಸಿದ ಮನುಷ್ಯ, ಬೈಕಿನ ಮೇಲೆ ಕೂತದ್ದೇ ಮೂಡಿಗೆರೆ ರಸ್ತೆಯಲ್ಲಿದ್ದರು.

ಕಾರಣ ಆಮೇಲೆ ಯೋಚಿಸಿದಾಗ ಗೊತ್ತಾಯಿತು. ಇಲ್ಲಿಯ ಕಾರಿನಲ್ಲಿ ಸ್ಟೀರಿಂಗ್ ಎಡಕ್ಕಿದೆ. ಓಡಿಸುವವನು ಯಾವಾಗಲೂ ರಸ್ತೆಯ ನಡುಗೆರೆಯ ಪಕ್ಕ ಕೂತಿರುತ್ತಾನೆ. ಅದೇ ಅವನಿಗೆ ದಾರಿ ತೋರಿಸುತ್ತದೆ. ಬೈಕಿನಲ್ಲಿ ಅಂಥ ಗುರುತು ಇಲ್ಲ. ಮೈ ಎಲ್ಲಿ ಕಲಿತಿತ್ತೋ ಅಲ್ಲಿಗೇ ಹೋಗುತ್ತದೆ. ಲೈಸೆನ್ಸಿನ ಪರೀಕ್ಷೆ ಮುಚ್ಚಿದ ಮೈದಾನದಲ್ಲಿ, ಪ್ಲಾಸ್ಟಿಕ್ ಕೋನುಗಳ ನಡುವೆ ನಡೆದದ್ದರಿಂದ ಅಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಊರಿನಲ್ಲಿ ಬೈಕ್ ಕಲಿತವನಲ್ಲ, ಇಲ್ಲಿಯೇ ಕಲಿತವನು. ಹಾಗಾಗಿ ನನಗೆ ಈ ಕಾಟ ಇರಲಿಲ್ಲ.

ಅಕ್ಕ ಆ ದಿನ ಮನೆಯಲ್ಲಿದ್ದಳು. ತಿಂಡಿಯ ಹೊತ್ತಿಗೆ ಭಾವನೇ ತಮಾಷೆ ಎಂಬಂತೆ ಹೇಳಿದರು. ಆಕೆ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು; ರಿಪೋರ್ಟ್ ಓದುವ ಹಾಗೆ ಗಂಡನ ಮುಖ ನೋಡಿದಳು.

"ಎಷ್ಟು ಸಲ ಹೋದ್ರಿ ಎಡಕ್ಕೆ?"

"ಒಂದೆರಡು."

ನನ್ನ ಕಡೆ ತಿರುಗಿದಳು. ನಾನು ಪ್ರತಿದಿನ ಡೈರಿ ಬರೆಯುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. "ನಾಲ್ಕು" ಎಂದೆ.

"ದ್ರೋಹಿ" ಎಂದರು ಭಾವ, ಇಡ್ಲಿ ಮುರಿಯುತ್ತ.

"ಕೇಳಿ" ಎಂದಳು ಅಕ್ಕ. "ಒಂದು ಶುಕ್ರವಾರ, ಪೂರ್ತಿ ಒಂದು ಶುಕ್ರವಾರ, ಒಂದು ಸಲವೂ ಎಡಕ್ಕೆ ಹೋಗದೆ ಬೈಕ್ ಬಿಟ್ಟು ತೋರಿಸಿ. ಆಮೇಲೆ ನಾನು ಹಿಂದೆ ಕೂರ್ತೇನೆ. ಇಲ್ಲದಿದ್ರೆ ಇಲ್ಲ. ನೀವೂ ಹೋಗುದಿಲ್ಲ."

"ನೀನು ಬರದೆ ನಾನು ಹೋಗ್ತೇನಾ?"

"ಅದನ್ನೇ ಹೇಳಿದ್ದು."

ಹಾಗೆ ಶುರುವಾಯಿತು. ಬೈಕಿನ ಬಾಡಿಗೆಯನ್ನು ರದ್ದು ಮಾಡಲು ಆಗಸ್ಟ್ ಕೊನೆಯ ತನಕ ಅವಕಾಶವಿತ್ತು. ಪಾರ್ಕಿಂಗ್ ಹತ್ತಿ ಇಳಿದು, ಒಳರಸ್ತೆಗಳ ನಾಲ್ಕು ವೃತ್ತ ಸುತ್ತಿ, ಸಮುದ್ರದ ಬದಿಯ ರಸ್ತೆಯಲ್ಲಿ ಅಬು ಹಲೀಫಾದ ತನಕ ಹೋಗಿ, ಚಹಾ ಕುಡಿದು ವಾಪಸ್ಸು ಬರುವುದು: ಇದು ಒಂದು ಶುಕ್ರವಾರ. ಭಾವ ಬೈಕಿನಲ್ಲಿ. ನಾನು ಮತ್ತು ಅಕ್ಕ ಹಿಂದೆ ಕಾರಿನಲ್ಲಿ. ಅಕ್ಕ ತಲೆಯನ್ನು ಸೀಟಿಗೆ ಒರಗಿಸಿ, ಕಣ್ಣು ಮಾತ್ರ ತೆರೆದು ಕೂತಿರುತ್ತಿದ್ದಳು. ಗುರುವಾರ ಆಕೆಗೆ ಎರಡು ಪಾಳಿಯ ಕೆಲಸ.

ಭಾವ ಏನೇನೋ ಉಪಾಯ ಮಾಡಿದರು. ಬಲಗೈಯ ಹಿಡಿಗೆ ಕೆಂಪು ನೂಲು ಸುತ್ತಿದರು. ಹೆಲ್ಮೆಟ್ಟಿನೊಳಗೆ ಬಲ, ಬಲ ಎಂದು ಜಪಿಸಿದರು. ಜಪ ನಿಂತ ಕೂಡಲೇ ಎಡಕ್ಕೆ ಹೋದರು. ಎದುರಿನಿಂದ ವಾಹನ ಬರುತ್ತಿದ್ದರೆ ಒಂದು ಸಲವೂ ತಪ್ಪುತ್ತಿರಲಿಲ್ಲ. ರಸ್ತೆ ಖಾಲಿಯಿದ್ದರೆ, ಮನಸ್ಸು ಸ್ವಲ್ಪ ಹಗುರವಾಗಿದ್ದರೆ, ಎಲ್ಲಾದರೂ ನಿಂತು ಮತ್ತೆ ಹೊರಟರೆ ತಪ್ಪುತ್ತಿದ್ದರು. ಬೇಸರವಾದಾಗ ಸರಿ, ಖುಷಿಯಾದಾಗ ತಪ್ಪು. ಇದನ್ನು ಹೇಳಿದ್ದು ಅಕ್ಕ.

"ಹಾಗಾದ್ರೆ ಯುರೋಪಿನಲ್ಲಿ ಬೇಜಾರಿನಲ್ಲೇ ಇರ್ಬೇಕಾ ನಾನು?" ಎಂದರು ಭಾವ.

"ಅದಕ್ಕೆ ಯುರೋಪು ಯಾಕೆ, ಇಲ್ಲೇ ಇರಬಹುದಲ್ಲ" ಎಂದಳು.

ಜುಲೈ ಮುಗಿಯಿತು. ಎಡಕ್ಕೆ ಹೋದ ಸಲಕ್ಕೊಂದು ಗೆರೆ ಎಳೆಯುತ್ತಿದ್ದ ನನ್ನ ಡೈರಿಯಲ್ಲಿ ಆ ತಿಂಗಳ ಯಾವ ಶುಕ್ರವಾರವೂ ಗೆರೆಯಿಲ್ಲದೆ ಉಳಿದಿಲ್ಲ. ಆಗಸ್ಟಿನಲ್ಲಿ ಒಂದು ಶುಕ್ರವಾರ ಧೂಳು ಎದ್ದು ಹೋಗಲೇ ಆಗಲಿಲ್ಲ. ಆ ದಿನ ನಾನು ಹತ್ತು ಗಂಟೆಯ ತನಕ ಮಲಗಿದೆ. ಎದ್ದಾಗ ಭಾವ ಹಜಾರದಲ್ಲಿ ಕುರ್ಚಿಯ ಮೇಲೆ ಕಾಲು ಅಗಲಿಸಿ ಕೂತು, ಕೈ ಮುಂದೆ ಚಾಚಿ, ಕಣ್ಣು ಮುಚ್ಚಿ ಬಲಕ್ಕೆ ತಿರುಗುತ್ತಿದ್ದರು. ನನ್ನನ್ನು ಕಂಡು ಕೈ ಇಳಿಸಿದರು. ಐವತ್ತು ದಾಟದ ಮನುಷ್ಯ ಆ ಕ್ಷಣದಲ್ಲಿ ಬಹಳ ವಯಸ್ಸಾದವರ ಹಾಗೆ ಕಂಡರು. ಯಾರಿಗಾಗಿ ಈ ಒದ್ದಾಟ ಎಂದು ನನಗೂ ಅನ್ನಿಸತೊಡಗಿತ್ತು. ಎಲ್ಲವನ್ನೂ ರದ್ದು ಮಾಡಿ, ಸೆಪ್ಟೆಂಬರಿನ ರಜೆಯಲ್ಲಿ ಹಾಸಿಗೆ ಬಿಟ್ಟು ಏಳದೆ ಇರುವುದು ಅಷ್ಟೇನೂ ಕೆಟ್ಟ ಯೋಚನೆಯಾಗಿ ಕಾಣಲಿಲ್ಲ.

ಆಗಸ್ಟಿನ ಕೊನೆಯ ಶುಕ್ರವಾರ ಗಾಳಿಯಲ್ಲಿ ನೀರು ತುಂಬಿತ್ತು. ಕಾರಿನ ಗಾಜು ಹೊರಗಿನಿಂದ ಬೆವರುತ್ತಿತ್ತು. ಭಾವ ಆ ದಿನ ತಮಾಷೆ ಬಿಟ್ಟು ಹೊರಟರು. ಪಾರ್ಕಿಂಗ್ ಹತ್ತಿದರು, ಇಳಿದರು, ಹಾರ್ನ್ ಇಲ್ಲ. ಹೊರರಸ್ತೆಗೆ ಬಂದಾಗ ಒಂದು ಕ್ಷಣ ನಿಂತು ಬಲಕ್ಕೆ ತಿರುಗಿದರು. ಒಂದನೇ ವೃತ್ತ, ಎರಡನೇ ವೃತ್ತ. ಅಕ್ಕ ಸೀಟಿನಿಂದ ತಲೆ ಎತ್ತಿದಳು. ನಾಲ್ಕನೆಯದೂ ಆಯಿತು. ಸಮುದ್ರದ ರಸ್ತೆಯುದ್ದಕ್ಕೂ ಅವರ ಬೆನ್ನು ಬಲಗಡೆಯ ಸಾಲಿನಲ್ಲಿ, ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು.

ಅಬು ಹಲೀಫಾದ ಒಂದು ಒಳರಸ್ತೆಯಲ್ಲಿ ಕೇರಳದವರ ಚಹಾದಂಗಡಿ. ಭಾವ ಹೆಲ್ಮೆಟ್ ತೆಗೆದಾಗ ಕೂದಲಿನಿಂದ ನೀರು ಇಳಿಯುತ್ತಿತ್ತು.

"ಎಷ್ಟು?" ಎಂದರು ನನ್ನನ್ನು.

"ಒಂದೂ ಇಲ್ಲ."

ಅಕ್ಕನ ಮುಖ ನೋಡಲಿಲ್ಲ ಅವರು. ಚಹಾದ ಕಾಗದದ ಲೋಟವನ್ನೇ ನೋಡುತ್ತಿದ್ದರು. ಇನ್ನು ಉಳಿದದ್ದು ವಾಪಸ್ಸು ದಾರಿ ಮಾತ್ರ. ಅಕ್ಕ ತನ್ನ ಲೋಟ ಕೆಳಗಿಟ್ಟು, ಕಾರಿನ ಹಿಂದಿನ ಸೀಟಿನಿಂದ ತನ್ನ ಹೆಲ್ಮೆಟ್ ತೆಗೆದುಕೊಂಡಳು. ಕೊಂಡ ದಿನದಿಂದ ಅದನ್ನು ತಲೆಗೆ ಹಾಕಿರಲಿಲ್ಲ.

"ಇನ್ನೂ ಮುಗಿಲಿಲ್ಲ ಮಾರಾಯ್ತಿ, ಮನೆ ಮುಟ್ಟಿಲ್ಲ" ಎಂದರು ಭಾವ.

"ಸಾಕು. ಎಷ್ಟಂತ ಪರೀಕ್ಷೆ ಮಾಡುದು. ಈ ಪಟ್ಟಿ ಹಾಕುದು ಹೇಗೆ, ಹೇಳಿ."

ಆಕೆಯ ಗಲ್ಲದ ಕೆಳಗೆ ಭಾವ ಪಟ್ಟಿ ಸಿಕ್ಕಿಸಿದರು. ಮದುವೆಯಾದ ಮೊದಲ ಎರಡು ವರ್ಷ ಆಕೆ ಅವರ ಬೈಕಿನ ಹಿಂದೆ ಕೂತು ಕಾರ್ಕಳ, ಮೂಡುಬಿದಿರೆ, ಎಲ್ಲ ನೆಂಟರ ಮನೆಗೂ ಹೋಗಿದ್ದಳಂತೆ. ನನಗೆ ಆಗ ತಿಳಿವಳಿಕೆ ಬಂದಿರಲಿಲ್ಲ. ಈಗ ಆಕೆ ಹಿಂದೆ ಕೂತು, ಯೋಚನೆಯೇ ಮಾಡದೆ ಬಲಗೈಯನ್ನು ಅವರ ಭುಜದ ಮೇಲಿಟ್ಟಳು. ಏನೋ ಹೇಳಿದಳು. ಭಾವ ನಕ್ಕರು. ಬೈಕು ಹೊರಟಿತು. ರಸ್ತೆಗೆ ಇಳಿದು, ಎಡಗಡೆಗೆ ಹೋಯಿತು.

ನಾನು ಕಾರಿನಲ್ಲಿ ಹಿಂದೆಯೇ ಇದ್ದೆ. ಹಾರ್ನ್ ಹೊಡೆದೆ. ಅಕ್ಕ ತಿರುಗಿ ಕೈ ಬೀಸಿದಳು. ಖುಷಿಗೆ ಹೊಡೆಯುತ್ತಿದ್ದೇನೆ ಎಂದುಕೊಂಡಿದ್ದಳು. ಮತ್ತೆ ಹೊಡೆದೆ, ಬೆಳಕು ಹಾಕಿ ತೆಗೆದೆ. ಇಬ್ಬರೂ ಮಾತಾಡುತ್ತಲೇ ಹೋದರು. ಮುಂದಿನ ಮೂಲೆಯಿಂದ ರೊಟ್ಟಿ ಹಂಚುವ ವ್ಯಾನು ತಿರುಗಿ ನೇರ ಅವರ ಎದುರಿಗೆ ಬಂತು.

ವ್ಯಾನಿನವನು ಬ್ರೇಕ್ ಹಾಕಿದ. ಭಾವನೂ ಹಾಕಿದರು. ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಉಳಿಯಿತು. ವ್ಯಾನಿನವನು ಬೈಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಭಾಯಿ, ನೀಂದ್ ಮೇ ಹೋ ಕ್ಯಾ?" ಎಂದು, ನಿದ್ದೆಯಲ್ಲಿದ್ದೀರಾ ಎಂಬ ಹಾಗೆ ಕೇಳಿ, ಸುತ್ತುಬಳಸಿ ಹೋದ. ಹಿಂದಿನ ತಟ್ಟೆಗಳಲ್ಲಿ ರೊಟ್ಟಿ ಜಾರಿ ಒಂದು ಬದಿಗೆ ಬಿದ್ದಿದ್ದು ಕಾಣುತ್ತಿತ್ತು.

ನಾನು ಓಡಿ ಹೋದಾಗ ಅಕ್ಕ ಬೈಕಿನಿಂದ ಇಳಿದು ನಿಂತಿದ್ದಳು. ಗಂಡನಿಗೆ ಬೈಯುತ್ತಾಳೆ ಎಂದುಕೊಂಡೆ.

"ನನಗೂ ಗೊತ್ತಾಗ್ಲಿಲ್ಲ" ಎಂದಳು. "ಎರಡು ತಿಂಗಳು ಕಾರಿನಲ್ಲಿ ಕೂತು ಇವರನ್ನೇ ನೋಡಿದ್ದೇನೆ. ಆದ್ರೂ ಗೊತ್ತಾಗ್ಲಿಲ್ಲ. ಸರಿಯಾಗಿಯೇ ಹೋಗ್ತಾ ಇದ್ದೇವೆ ಅಂತ ಇತ್ತು ನನಗೆ."

ಭಾವ ಬೈಕನ್ನು ಬದಿಗೆ ನೂಕಿ ನಿಲ್ಲಿಸಿ, ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು. "ಖಲಾಸ್" ಎಂದರು. ಆ ಮಾತನ್ನು ಅವರು ದಿನಕ್ಕೆ ಐವತ್ತು ಸಲ ಆಡುತ್ತಾರೆ, ತರಕಾರಿಯವನಿಗೆ, ಲಿಫ್ಟಿಗೆ, ಮುಗಿದ ಟೂತ್‌ಪೇಸ್ಟಿಗೆ. ಆ ದಿನ ಅದನ್ನು ಹೇಳಿ, ಹೋಗಿ ಕಾರಿನಲ್ಲಿ ಕೂತರು. ವಾಪಸ್ಸು ಬರುವಾಗ ಕಾರನ್ನು ಅಕ್ಕ ಓಡಿಸಿದಳು. ನಾನು ಬೈಕಿನಲ್ಲಿ ಅವರ ಹಿಂದೆ ಬಂದೆ. ಪಕ್ಕದ ಸೀಟಿನಲ್ಲಿ ಭಾವನ ತಲೆ ಎಲ್ಲಿಯೂ ಅಲುಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ತೆಗೆದದ್ದು ಅಕ್ಕನೇ. ಆಕೆ ಯೋಚಿಸಿ ಮುಗಿಸಿದ್ದಳು. ಒಂದು ಬೈಕು ರದ್ದು. ಅದರ ಬದಲು ಒಂದು ಸಣ್ಣ ಕಾರು. ಆಕೆಯೇ ಓಡಿಸುವುದು, ಸಾಮಾನು ಅದರಲ್ಲಿ. "ನೀವು ಇವನ ಹಿಂದೆ ಕೂತು ಹೋಗಿ" ಎಂದಳು ಗಂಡನಿಗೆ.

"ಹೆಂಡತಿಯ ತಮ್ಮನ ಹಿಂದೆ ಕೂತು ಆಲ್ಪ್ಸ್‌ಗೆ! ಊರಲ್ಲಿ ಯಾರಾದ್ರೂ ಕೇಳಿದ್ರೆ ನಗ್ತಾರೆ."

"ಸತ್ತಿದ್ರೆ ನಗ್ತಿರ್ಲಿಲ್ಲ. ಸಾರು ಹಾಕಲಾ?"

ಭಾವ ತಟ್ಟೆ ಮುಂದೆ ಮಾಡಿದರು. ನನ್ನನ್ನು ಯಾರೂ ಕೇಳಲಿಲ್ಲ. ತೊಂಬತ್ತು ಕಿಲೋ ಮನುಷ್ಯನನ್ನು ಹಿಂದೆ ಕೂರಿಸಿಕೊಂಡು ಗಟ್ಟಿ ತಿರುವು ತಿರುಗಿಸುವುದು ಬೇರೆಯೇ ವಿದ್ಯೆ. ಅದಕ್ಕೂ ಅಭ್ಯಾಸ ಬೇಕು. ಅಭ್ಯಾಸಕ್ಕೆ ಇದ್ದದ್ದು ಶುಕ್ರವಾರ.

ಹಾಗಾಗಿ ಮುಂದಿನ ಶುಕ್ರವಾರವೂ ನಾವು ಆ ಪಾರ್ಕಿಂಗಿನಲ್ಲೇ ಇದ್ದೆವು. ಭಾವ ಹಿಂದೆ ಅಕ್ಕಿಮೂಟೆಯ ಹಾಗೆ ಕೂತಿದ್ದರು. ತಿರುವಿನಲ್ಲಿ ನಾನು ಬಾಗಿದರೆ ಅವರು ಬಾಗುತ್ತಿರಲಿಲ್ಲ. ಬೈಕು ಗೋಡೆಯ ಕಡೆ ಹೋಗುತ್ತಿತ್ತು. ಮೂರನೇ ಸಲಕ್ಕೆ ಸ್ವಲ್ಪ ಬಾಗಿದರು. ಐದನೇ ಮಹಡಿಯ ತೆರೆದ ಮಾಳಿಗೆಯಲ್ಲಿ ಬೈಕು ನಿಲ್ಲಿಸಿ ಇಬ್ಬರೂ ಉಸಿರು ತೆಗೆದುಕೊಂಡೆವು. ನನ್ನ ತೋಳು ಎತ್ತಲಾಗುತ್ತಿರಲಿಲ್ಲ.

ಭಾವ ಕಾಲಿನಿಂದ ಕಾಂಕ್ರೀಟಿನ ಮೇಲಿನ ಮರಳನ್ನು ಬದಿಗೆ ಸರಿಸುತ್ತ ಕೇಳಿದರು, "ಆ ಘಾಟಿ ಹತ್ತಿದ ಮೇಲೆ ತುದಿಯಲ್ಲಿ ಪಾರ್ಕಿಂಗ್ ಇರ್ತದಲ್ಲ?"

"ಇದೆ, ಭಾವ. ದೊಡ್ಡದು."

"ಅಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಅಲ್ಲವಾ?"

"ಇಲ್ಲ."

"ಹಾಗಾದ್ರೆ ಅಲ್ಲಿ ನನಗೆ ಒಂದು ಹತ್ತು ನಿಮಿಷ ಕೊಡ್ತೀಯಾ? ಬೆಳಗ್ಗೆ, ಜನ ಬರುವ ಮೊದಲು. ಒಂದೆರಡು ಸುತ್ತು. ನಿನ್ನ ಅಕ್ಕನಿಗೆ ನಾನೇ ಹೇಳ್ತೇನೆ."

ಕೊಡುತ್ತೇನೆ ಎಂದೆ. ಬಾಡಿಗೆಯ ಬೈಕನ್ನು ಯಾರು ಬೇಕಾದರೂ ಮುಟ್ಟುವ ಹಾಗಿಲ್ಲ. ಮೊದಲೇ ಹೆಸರು ಕೊಟ್ಟಿರಬೇಕು. ಮನೆಗೆ ಬಂದು, ಸ್ನಾನಕ್ಕೂ ಹೋಗದೆ, ಮ್ಯೂನಿಕ್‌ನವರಿಗೆ ಪತ್ರ ಬರೆದೆ: ನಮ್ಮ ಬೈಕಿಗೆ ಎರಡನೆಯ ಚಾಲಕರೊಬ್ಬರು ಇದ್ದಾರೆ, ಅವರ ಹೆಸರನ್ನು ಸೇರಿಸಿಕೊಳ್ಳಿ.